ಕಂಬದ ಮೇಲೆ ಉಳಿದ ಕೈ

ತಪ್ಪು ಮಾಡಿದವರನ್ನು ಗೋಡೆಯಿಂದ ಅಳಿಸಿಹಾಕಿದರೆ ನ್ಯಾಯ ಸಿಕ್ಕಂತಾಗುತ್ತದೆಯೆ? ಈ ಪ್ರಶ್ನೆಯನ್ನು ನನ್ನೆದುರು ತಂದು ನಿಲ್ಲಿಸಿದ್ದು ಇಟಲಿಯ ರವೆನ್ನಾ ಊರಿನ ಸಾಂತ್ ಅಪೊಲಿನಾರೆ ನುವೊವೊ ಚರ್ಚು.

ಒಳಗೆ ಹೋದರೆ ಎರಡೂ ಬದಿಯ ಉದ್ದನೆಯ ಗೋಡೆಗಳ ಮೇಲೆ ಮೊಸಾಯಿಕ್ ಚಿತ್ರಗಳು. ಗಾಜು ಮತ್ತು ಕಲ್ಲಿನ ಪುಟ್ಟ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಮಾಡಿದವು. ಎಡಗಡೆ ಕನ್ಯೆಯರು, ಬಲಗಡೆ ಹುತಾತ್ಮರು ಸಾಲಾಗಿ ಸಾಗಿದ್ದಾರೆ. ಬಲಗೋಡೆಯಲ್ಲಿ, ಬಾಗಿಲಿಗೆ ಹತ್ತಿರದಲ್ಲಿ, ಒಂದು ಅರಮನೆಯ ಚಿತ್ರವಿದೆ. ಕಮಾನುಗಳಲ್ಲಿ ಬಿಳಿ ಪರದೆಗಳು, ಜನರಿಲ್ಲ. ಕಣ್ಣಿಟ್ಟು ನೋಡಿದಾಗ ಕಂಬಗಳ ಮೇಲೆ ಅಲ್ಲಲ್ಲಿ ಕೈಗಳು ಕಾಣುತ್ತವೆ. ಆ ಕೈಗಳಿಗೆ ಮೈಯಿಲ್ಲ.

ಆಸ್ಟ್ರೊಗಾತ್ ದೊರೆ ಥಿಯೊಡೊರಿಕ್ 6ನೆಯ ಶತಮಾನದ ಆರಂಭದಲ್ಲಿ ಈ ಚರ್ಚನ್ನು ಕಟ್ಟಿಸಿದ. ಅವನು ಏರಿಯನ್ ಪಂಥದವನು. ಕ್ರಿಸ್ತನು ತಂದೆಯಾದ ದೇವರಿಗೆ ಸಮನಲ್ಲ ಎಂಬುದು ಆ ಪಂಥದ ನಂಬಿಕೆ. 540ರಲ್ಲಿ ರವೆನ್ನಾ ಬೈಜಾಂಟೈನ್ ಸೇನೆಯ ವಶವಾಯಿತು. ಸುಮಾರು 561ರಲ್ಲಿ ಚರ್ಚು ಕ್ಯಾಥೊಲಿಕರ ಕೈಸೇರಿತು. ಕ್ರಿಸ್ತನ ಬದುಕಿನ ಚಿತ್ರಗಳು ಉಳಿದವು. ಅರಮನೆಯಲ್ಲಿದ್ದ ಮನುಷ್ಯರನ್ನು ಮಾತ್ರ ಕಿತ್ತು ಪರದೆ ಕೂರಿಸಿದರು. ಕಂಬಗಳನ್ನು ಹಾಗೇ ಬಿಟ್ಟಿದ್ದರಿಂದ ಅವುಗಳ ಮೇಲೆ ಚಾಚಿದ್ದ ಕೈಗಳು ಉಳಿದುಕೊಂಡವು.

ಇಂಥದ್ದನ್ನು ಕಂಡಾಗ ಮನಸ್ಸು ಅಳಿಸಿಹೋದವರ ಕಡೆಗೇ ವಾಲುತ್ತದೆ. ಸೋತವರೆಲ್ಲ ಒಳ್ಳೆಯವರು ಎಂದುಕೊಳ್ಳುವುದು ಸುಲಭ. ಆದರೆ ತತ್ತ್ವಜ್ಞಾನಿ ಬೊಯೀಥಿಯಸ್‌ನನ್ನು ಸೆರೆಯಲ್ಲಿಟ್ಟು ಕೊಲ್ಲಿಸಿದವನೂ ಇದೇ ಥಿಯೊಡೊರಿಕ್. ಹಾಗಾಗಿ ಅಳಿಸಬಾರದು ಎನ್ನುವವರು ‘ಅವನು ಒಳ್ಳೆಯವನು’ ಎಂಬ ಕಾರಣ ಕೊಡುವಂತಿಲ್ಲ. ಬೇರೆ ಕಾರಣ ಹುಡುಕಬೇಕು.

ಎದುರುವಾದವೂ ಹಗುರವಲ್ಲ. ದೇವರ ಮನೆಯ ಗೋಡೆಯ ಮೇಲೆ ಚಿತ್ರವಿರುವುದೆಂದರೆ ಅದು ಬರೀ ದಾಖಲೆಯಲ್ಲ, ಗೌರವ. ತನ್ನವರನ್ನು ಕೊಂದವನ ಚಿತ್ರದ ಕೆಳಗೆ ಮೊಣಕಾಲೂರಿ ಪ್ರಾರ್ಥಿಸು ಎಂದು ಯಾರಿಗೂ ಹೇಳಲಾಗದು.

ನಮ್ಮ ತರಗತಿಗಳಲ್ಲಿಯೂ ಇದೇ ಜಗಳವಿದೆ. ಹೆಣ್ಣುಮಕ್ಕಳನ್ನು ನೋಯಿಸಿದನೆಂದು ತಿಳಿದ ಮೇಲೂ ಒಬ್ಬ ಲೇಖಕನನ್ನು ಯಾಕೆ ಓದಬೇಕು ಎಂದು ಜೊತೆಯ ಸಂಶೋಧಕಿಯೊಬ್ಬಳು ಕೇಳಿದಳು. ಅವಳ ಸಿಟ್ಟು ನ್ಯಾಯವಾದದ್ದು. ಅವನನ್ನು ಗೌರವದ ಪೀಠದಿಂದ ಇಳಿಸಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪೀಠದಿಂದ ಇಳಿಸುವುದು ಬೇರೆ, ಹೆಸರನ್ನೇ ಇಲ್ಲವಾಗಿಸುವುದು ಬೇರೆ. ವಿಚಾರಣೆ ನಡೆಯಬೇಕಾದರೆ ಆರೋಪಿ ಎದುರಿಗಿರಬೇಕು. ಪರದೆಯನ್ನು ಯಾರೂ ಪ್ರಶ್ನೆ ಕೇಳಲಾರರು.

ಅಳಿಸುವವರು ನೊಂದವರ ಪರವಾಗಿ ಅಳಿಸುತ್ತೇವೆ ಎನ್ನುತ್ತಾರೆ. ನೊಂದವರ ಕತೆಯೂ ಅದರೊಂದಿಗೇ ಹೋಗುತ್ತದೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಥಿಯೊಡೊರಿಕ್‌ನ ಹೆಸರೆತ್ತದೆ ಬೊಯೀಥಿಯಸ್ ಹೇಗೆ ಸತ್ತ ಎಂದು ಹೇಳಲು ಬರುವುದಿಲ್ಲ.