ಇಲ್ಲ ಎಂದರೂ ರೊಟ್ಟಿ ಸಿಗಬೇಕು

ನಮ್ಮ ಮುಂಡರಗಿ ತಾಲೂಕಿನ ಡೋಣಿಯಂಥ ಊರಿನಲ್ಲಿ ಹೊರಗಿನವನೊಬ್ಬ ಮುದುಕಿಯ ದುಡ್ಡಿಗೆ ಕೈಹಾಕಿದರೆ ಓಣಿಗೆ ಓಣಿಯೇ ಎದ್ದು ಬರುತ್ತದೆ. ಅದೇ ದುಡ್ಡನ್ನು ಮಗನೋ ಅಳಿಯನೋ ಮೈದುನನ ಮಗನೋ ತೆಗೆದುಕೊಂಡರೆ, 'ಅದು ಅವರ ಮನೀ ಮಾತು' ಎಂದು ಎಲ್ಲರೂ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಕಳೆದುಕೊಂಡವಳ ನಷ್ಟ ಎರಡೂ ಕಡೆ ಒಂದೇ. ಎರಡನೆಯದರಲ್ಲಿ ಆಕೆ ತನ್ನ ನಷ್ಟವನ್ನು ನಷ್ಟವೆಂದು ಕರೆಯುವ ಹಕ್ಕನ್ನೂ ಕಳೆದುಕೊಂಡಿರುತ್ತಾಳೆ.

ಇದು ನಡೆಯುವುದು ಗದ್ದಲವಿಲ್ಲದೆ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ ಅಜ್ಜಿಯ ಖಾತೆಗೆ ಜಮಾ ಆಗುತ್ತದೆ, ಎಟಿಎಂ ಕಾರ್ಡು ಮೊಮ್ಮಗನ ಕಿಸೆಯಲ್ಲಿರುತ್ತದೆ, ಬ್ಯಾಂಕಿನ ಮೆಸೇಜು ಹೋಗುವುದೂ ಅವನ ಮೊಬೈಲಿಗೇ. ಹೊಲದ ಉತಾರದಲ್ಲಿ ಹೆಸರು ಇರುವುದು ಅಜ್ಜನದು, ಹಾಗಾಗಿ ಸೊಸೈಟಿಯ ಬೆಳೆಸಾಲ ಏಳುವುದೂ ಅವನ ಹೆಸರಿನಲ್ಲಿ. ಸಾಲದ ಹಣ ಇನ್ನೊಬ್ಬರ ಕೈ ಸೇರುತ್ತದೆ, ನೋಟಿಸು ಮಾತ್ರ ಅಜ್ಜನಿಗೆ ಬರುತ್ತದೆ. ಕೊನೆಗೆ ಒಂದು ದಿನ, 'ಯಪ್ಪಾ, ಇಲ್ಲೊಂದು ಹೆಬ್ಬಟ್ಟ ಒತ್ತು' ಎಂಬ ಮಾತಿನೊಂದಿಗೆ ಹೊಲವೂ ಹೋಗುತ್ತದೆ. ಏನು ಎತ್ತ ಎಂದು ಕೇಳಿದರೆ ಸಿಗುವ ಉತ್ತರ: 'ಮನ್ಯಾನ ಮಂದಿ ಕೂಡ ಏನ ಲೆಕ್ಕಾ?'

ಹಾಗೆಂದು ಕೊಟ್ಟದ್ದೆಲ್ಲ ಕಸಿದುಕೊಂಡದ್ದಲ್ಲ. ಕುಡುಕ ಮಗನಿಗೆ ತಾಯಿ ತಿಳಿದೂ ತಿಳಿದೂ ದುಡ್ಡು ಕೊಡುತ್ತಾಳೆ. ಕೊಡಬೇಡ ಎನ್ನಲು ನಾವು ಯಾರು? ತನ್ನದನ್ನು ತನಗೆ ಬೇಕಾದವರಿಗೆ ಕೊಡುವ ಹಕ್ಕು ವಯಸ್ಸಾಯಿತೆಂದು ತೀರುವುದಿಲ್ಲ. ಹಾಗಾದರೆ ಕೊಟ್ಟದ್ದು ಯಾವುದು, ಕಸಿದದ್ದು ಯಾವುದು? ನನಗೆ ತೋಚುವ ಪರೀಕ್ಷೆ ಒಂದೇ. ಆಕೆ ಇಲ್ಲ ಎಂದಿದ್ದರೆ ಅಂದು ರಾತ್ರಿ ಆಕೆಯ ತಾಟಿಗೆ ರೊಟ್ಟಿ ಬೀಳುತ್ತಿತ್ತೇ? ಬೀಳುತ್ತಿತ್ತು ಎಂದಾದರೆ ಅದು ಆಕೆ ಕೊಟ್ಟದ್ದು, ನಮಗೆ ಎಷ್ಟೇ ಸಂಕಟವಾದರೂ. ಬೀಳುತ್ತಿರಲಿಲ್ಲ, ಅಥವಾ ಬಿದ್ದರೂ ಸೊಸೆಯ ಮುಖ ತಿರುಗುತ್ತಿತ್ತು, ಮೊಮ್ಮಕ್ಕಳು ಹತ್ತಿರ ಬರುವುದು ನಿಲ್ಲುತ್ತಿತ್ತು ಎಂದಾದರೆ, ಹೆಬ್ಬೆಟ್ಟಿನ ಗುರುತು ಎಷ್ಟೇ ಸ್ಪಷ್ಟವಾಗಿ ಮೂಡಿರಲಿ, ಅದು ಒಪ್ಪಿಗೆಯಲ್ಲ.

2011ರಲ್ಲಿ ಇದೇ ಮುಂಡರಗಿ ತಾಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೇಳಿದಾಗ ರೈತರು ಕೊಡುವುದಿಲ್ಲ ಎಂದರು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಅವರ ಜೊತೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಇಲ್ಲ ಎಂಬ ಮಾತಿಗೆ ಬಲ ಬರುವುದು ಹಿಂದೆ ನಿಂತವರಿಂದ. ಪಡಸಾಲೆಯಲ್ಲಿ ಮಗನ ಎದುರು ಕೂತ ಎಪ್ಪತ್ತೈದರ ತಂದೆಯ ಹಿಂದೆ ಯಾರೂ ಇರುವುದಿಲ್ಲ.

ಆ ಜಾಗದಲ್ಲಿ ನಿಲ್ಲಲಿ ಎಂದೇ 2007ರಲ್ಲಿ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂತು. ವಕೀಲರಿಲ್ಲದೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೇಳಬಹುದು. ಅದರ 23ನೇ ಕಲಮು ಇನ್ನೂ ಮುಖ್ಯ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಎಡವುವುದು ಷರತ್ತು ಎಂಬಲ್ಲೇ. ಷರತ್ತು ಇತ್ತೆಂದು ತೋರಿಸದಿದ್ದರೆ ಈ ಕಲಮು ಅನ್ವಯಿಸದು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾಯ್ದೆ, ಉದಾರವಾಗಿ ಓದಬೇಕು ಎಂದು ತಾಯಿಯೊಬ್ಬಳಿಗೆ ಆಸ್ತಿ ಮರಳಿಸಿತು. ಅಲ್ಲಿಯೂ ಆಕೆಯ ಕೈಹಿಡಿದದ್ದು, ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟಿದ್ದ ಕಾಗದ. ನಮ್ಮ ಕಡೆಯ ದಾನಪತ್ರಗಳಲ್ಲೋ 'ಪ್ರೀತಿ ವಿಶ್ವಾಸದಿಂದ' ಎಂಬ ಎರಡು ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ.

ಹೆತ್ತ ಮಗನಿಗೆ ಷರತ್ತು ಬರೆಸುವುದೇ, ಅದು ಅವನಿಗೆ ಮಾಡುವ ಅವಮಾನವಲ್ಲವೇ ಎಂದು ಕೇಳುವವರಿಗೆ ನಾನು ಲಕ್ಕುಂಡಿಯ, ಲಕ್ಷ್ಮೇಶ್ವರದ ಶಾಸನಗಳನ್ನು ತೋರಿಸುತ್ತೇನೆ. ದೇವರಿಗೆ ಭೂಮಿ ಬಿಟ್ಟವರ ಭಕ್ತಿಗೆ ಏನು ಕೊರತೆಯಿತ್ತು? ಆದರೂ ಈ ನಾಡಿನ ದಾನಶಾಸನಗಳು ಭೂಮಿಯನ್ನು ಯಾವುದಕ್ಕೆ ಬಿಟ್ಟದ್ದೆಂದು ಹೇಳುತ್ತವೆ, ಸೀಮೆ ಗುರುತಿಸುತ್ತವೆ, ಕೆಡಿಸಿದವನಿಗೆ ಶಾಪ ಹಾಕಿ ಮುಗಿಯುತ್ತವೆ. ಅವರು ಕಲ್ಲಿನಲ್ಲಿ ಕೊರೆಸಿದ್ದು ಪ್ರೀತಿ ಕಡಿಮೆಯಾಗಿ ಅಲ್ಲ, ಕೊಟ್ಟದ್ದರ ಉದ್ದೇಶ ಉಳಿಯಲಿ ಎಂದು. ನೋಡಿಕೊಳ್ಳುವ ಮನಸ್ಸಿರುವ ಮಗನಿಗೆ ಆ ಒಂದು ಸಾಲಿನಿಂದ ಏನೂ ನಷ್ಟವಿಲ್ಲ. ಲೆಕ್ಕ ಬೇಡ ಎಂಬ ಮಾತು ಯಾವಾಗಲೂ ಲೆಕ್ಕ ಕೊಡಬೇಕಾದವನ ಬಾಯಿಂದಲೇ ಬರುತ್ತದೆ.

ಇನ್ನು ರಕ್ಷಿಸಲು ಬರುವವರ ಮಾತು. ಬೆಂಗಳೂರಿನಿಂದ ಹಿರಿಯ ಮಗ ಬರುತ್ತಾನೆ, ತಾಯಿಯ ದುಡ್ಡನ್ನು ತಮ್ಮ ತಿಂದನೆಂದು ಕೂಗಾಡಿ ಪಾಸ್‌ಬುಕ್ಕನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಹೋಗುತ್ತಾನೆ. ತಾಯಿಗೆ ಏನು ಬದಲಾಯಿತು? ಆಕೆ ದುಡ್ಡು ಕೇಳಬೇಕಾದವರು ಮೊದಲು ಒಳಗಿನ ಕೋಣೆಯಲ್ಲಿದ್ದರು, ಈಗ ದೂರದ ಊರಿನಲ್ಲಿದ್ದಾರೆ. ಅವನೂ ನಾಳಿನ ವಾರಸುದಾರನೇ, ಅವನ ಕಾಳಜಿಯಲ್ಲಿ ತನ್ನ ಪಾಲಿನ ಚಿಂತೆ ಬೆರೆತಿಲ್ಲವೆಂದು ಅವನೂ ಆಣೆ ಮಾಡಲಾರ. ರೊಟ್ಟಿಯ ಪರೀಕ್ಷೆ ಅವನಿಗೂ ಅನ್ವಯಿಸುತ್ತದೆ. ನಿಜವಾಗಿ ಕಾಯುವುದಾದರೆ ಪಾಸ್‌ಬುಕ್ಕು ಆಕೆಯ ಟ್ರಂಕಿನಲ್ಲೇ ಇರಲಿ, ತಿಂಗಳಿಗೊಮ್ಮೆ ಆಕೆಯ ಎದುರು ಅದನ್ನು ಗಟ್ಟಿಯಾಗಿ ಓದಿ ಹೇಳುವವರು ಒಬ್ಬರಿರಲಿ, ಅದನ್ನು ಮನೆಯವರೆಲ್ಲ ಕೇಳಲಿ. ಕಾಯ್ದೆಯೂ ಈ ಸೂಕ್ಷ್ಮವನ್ನು ಬಲ್ಲದು: ಹಿರಿಯರು ತಾವೇ ಹೋಗಲಾಗದಿದ್ದರೆ ಬೇರೊಬ್ಬರು ಅರ್ಜಿ ಕೊಡಬಹುದು, ಆದರೆ ಅಧಿಕಾರವನ್ನು ಅವರಿಂದಲೇ ಪಡೆದು.

ಆಸ್ತಿಯ ವಾಟ್ನಿಯ ಹೊತ್ತಿಗೆ ತಂದೆತಾಯಿ ತಮ್ಮ ಜೀವನಕ್ಕೆಂದು ಒಂದು ಪಾಲು ಇಟ್ಟುಕೊಳ್ಳುವ ರೂಢಿ ನಮ್ಮಲ್ಲಿದೆ. ನೋಡಿಕೊಳ್ಳುವವನ ಹೆಸರಿಗೆ ಅದನ್ನೂ ಈಗಲೇ ಹಚ್ಚಿಬಿಡು ಎಂಬ ಒತ್ತಾಯ ಬರುವುದೂ ಆ ಪಾಲಿನ ಮೇಲೆಯೇ. ದಾನಪತ್ರ ನೋಂದಣಿಯಾದ ಗಳಿಗೆಗೆ ಹೊಲ ಕೈಬಿಡುತ್ತದೆ. ಮೃತ್ಯುಪತ್ರವಾದರೆ ಬರೆದವರು ಬದುಕಿರುವವರೆಗೂ ಹೊಲ ಅವರದೇ, ಮನಸ್ಸು ಬದಲಾದರೆ ಹರಿದು ಹೊಸದು ಬರೆಯಬಹುದು. ನೋಡಿಕೊಳ್ಳುವ ಮಗನಿಗೇ ಹೊಲ ಹೋಗಲಿ, ಅದು ನ್ಯಾಯವೇ. ನೋಡಿಕೊಂಡ ಮೇಲೆ ಹೋಗಲಿ.