ಕೆಲಸ ಮುಗಿದ ಮೇಲೆ ಊರು ಯಾರದು?



ನಮ್ಮ ಕಡೆ ಹೊಸಬರನ್ನು ಕಂಡಾಗ ನಾವು ಮೊದಲು ಕೇಳುವುದು "ನಿಮ್ಮದು ಯಾವ ಊರು?" ಎಂದು. ಎಷ್ಟೋ ಬಾರಿ ಹೆಸರಿಗಿಂತಲೂ ಮುಂಚೆ ಊರನ್ನು ಕೇಳುತ್ತೇವೆ. ಉತ್ತರ ದೊರೆತ ಕೂಡಲೇ ಎದುರಿಗಿರುವವರನ್ನು ಮನಸ್ಸಿನಲ್ಲಿ ಒಂದು ಕಡೆ ಕುಳ್ಳಿರಿಸಿಬಿಡುತ್ತೇವೆ: ಇವರು ಊರಿನವರು, ಅವರು ಬಂದವರು. ಈ ವಿಂಗಡಣೆಯಲ್ಲಿ ಸಾಮಾನ್ಯವಾಗಿ ದ್ವೇಷವೇನೂ ಇರುವುದಿಲ್ಲ. ಆದರೆ ಅದರ ಹಿಂದೆ ಒಂದು ನೈತಿಕ ಪ್ರಶ್ನೆ ಅಡಗಿದೆ. ಒಂದು ಊರು ಒಬ್ಬ ಮನುಷ್ಯನದಾಗುವುದು ಯಾವುದರಿಂದ? ಅಲ್ಲಿ ಹುಟ್ಟಿದ್ದರಿಂದಲೇ? ಪಹಣಿಯಲ್ಲಿ ಹೆಸರಿರುವುದರಿಂದಲೇ? ಅಥವಾ ಅಲ್ಲಿ ಬೆವರು ಸುರಿಸಿ ದುಡಿದುದರಿಂದಲೇ? ದುಡಿಮೆಯಿಂದ ಎನ್ನುವುದಾದರೆ, ದುಡಿಯುವ ಶಕ್ತಿ ಉಡುಗಿದ ದಿನವೂ ಆ ಊರು ಅವನದಾಗಿಯೇ ಉಳಿಯುವುದೇ?

ಈ ಪ್ರಶ್ನೆಯನ್ನು ನಮ್ಮ ಕಣ್ಣೆದುರಿನ ನೆಲದ ಮೇಲಿಟ್ಟೇ ನೋಡೋಣ. ಪುತ್ತೂರಿನಿಂದ ಬೆಟ್ಟಂಪಾಡಿಯ ಮಾರ್ಗವಾಗಿ ಪಾಣಾಜೆಯ ಗಡಿಯತ್ತ ಹೋಗಿರಿ, ಅಥವಾ ಸುಳ್ಯ, ಕಡಬಗಳ ಕಡೆಗೆ ಸಾಗಿರಿ. ಬೈಲಿನಲ್ಲಿ ಅಡಿಕೆ ತೋಟ, ಗುಡ್ಡೆಯಲ್ಲಿ ರಬ್ಬರ್. ಈ ರಬ್ಬರ್ ತೋಟಗಳಲ್ಲಿ ಅನೇಕವು ಕೃಷಿಕ ಕುಟುಂಬಗಳ ಸ್ವಂತದ್ದು. ಆದರೆ ಸುಳ್ಯ ಮತ್ತು ಪುತ್ತೂರು ಸೀಮೆಯ ವಿಶಾಲವಾದ ತೋಟಗಳು 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮಕ್ಕೆ ಸೇರಿದವು. ಅವುಗಳ ಮಗ್ಗುಲಲ್ಲಿ ಕಾರ್ಮಿಕರ ಕಾಲನಿಗಳಿವೆ. ಅಲ್ಲಿ ಮನೆಯೊಳಗೆ ತಮಿಳು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ತುಳು ಕೇಳಿಬರುತ್ತದೆ. ಸುತ್ತಲಿನವರು ಆ ಕುಟುಂಬಗಳನ್ನು "ಸಿಲೋನಿನವರು" ಎಂದು ಕರೆದರು.

ಸಿಲೋನಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರು, ಬಲ್ಲಿರಾ? "ಇಂಡಿಯಾದವರು" ಎಂದು!

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ತಮಿಳುನಾಡಿನ ಬಡ ಹಳ್ಳಿಗಳಿಂದ ಕೂಲಿಯಾಳುಗಳನ್ನು ಸಿಲೋನಿನ ಬೆಟ್ಟಗಳಿಗೆ ಕರೆದೊಯ್ದರು. ಮೊದಲು ಕಾಫಿ ಬೆಳೆಸಿದರು. 1869ರ ನಂತರ ಎಲೆರೋಗ ತಗುಲಿ ಕಾಫಿ ನಾಶವಾದಾಗ ಚಹಾ ಬೆಳೆಸಿದರು. ಒಂದೇ ಕೋಣೆಯ ಸಾಲುಮನೆಗಳಲ್ಲಿ ತಲೆಮಾರುಗಳು ಹುಟ್ಟಿದವು, ದುಡಿದವು, ಮಡಿದವು. ಇಡೀ ದೇಶದ ಬೊಕ್ಕಸ ತುಂಬಿದ್ದು ಆ ಚಹಾದಿಂದ. ಆದರೆ ಸ್ವಾತಂತ್ರ್ಯ ಬಂದ 1948ರಲ್ಲಿಯೇ ಆ ದೇಶದ ಪೌರತ್ವ ಕಾಯ್ದೆಯು ಅವರಲ್ಲಿ ಬಹುಪಾಲು ಜನರನ್ನು ಹೊರಗಿಟ್ಟಿತು. ಭಾರತದ ಪೌರರೂ ಅಲ್ಲದ, ಸಿಲೋನಿನ ಪೌರರೂ ಅಲ್ಲದ ಲಕ್ಷಾಂತರ ಜನರು ಉಳಿದರು. 1964ರ ಅಕ್ಟೋಬರ್ 30ರಂದು ಪ್ರಧಾನಿಗಳಾದ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದವೊಂದಕ್ಕೆ ಸಹಿ ಹಾಕಿದರು. 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದವರ ವಿಚಾರ ಮುಂದಕ್ಕೆ. 1974ರಲ್ಲಿ ಆ ಉಳಿದ 1,50,000 ಜನರನ್ನೂ ಎರಡು ಸಮಪಾಲು ಮಾಡಿ ಹಂಚಿಕೊಳ್ಳಲಾಯಿತು.

ಹಂಚಿಕೊಳ್ಳಲಾಯಿತು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹೊಲಗದ್ದೆಗಳನ್ನು ಪಾಲು ಮಾಡುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಪಾಲಾದವರು ಮನುಷ್ಯರು.

ಹೀಗೆ ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರದಲ್ಲಿ ಇಳಿದವರು ಮಂಡಪಂ ಶಿಬಿರವನ್ನು ಹಾದು ದಕ್ಷಿಣ ಭಾರತದ ನಾನಾ ಕಡೆಗೆ ಹಂಚಿಹೋದರು. ಕೆಲವು ಕುಟುಂಬಗಳು ನಮ್ಮ ಪುತ್ತೂರು, ಸುಳ್ಯಗಳ ಕಾಡಂಚಿಗೆ ಬಂದವು. ಅವರಿಗೆ ಜೀವನೋಪಾಯ ಕಲ್ಪಿಸಲೆಂದೇ ಇಲ್ಲಿ ರಬ್ಬರ್ ತೋಟಗಳನ್ನು ಬೆಳೆಸಲಾಯಿತು. ಚಹಾದ ಚಿಗುರು ಕೊಯ್ದು ಗೊತ್ತಿದ್ದ ಕೈಗಳು ಇಲ್ಲಿ ಗುಂಡಿ ತೆಗೆದವು, ಸಸಿ ನೆಟ್ಟವು, ಟ್ಯಾಪಿಂಗ್ ಕತ್ತಿ ಹಿಡಿಯಲು ಕಲಿತವು. ನಸುಕಿನ ತಂಪಿನಲ್ಲಿಯೇ ಹಾಲು ಚೆನ್ನಾಗಿ ಇಳಿಯುವುದರಿಂದ ಸೂರ್ಯ ಏರುವ ಮೊದಲೇ ಕೆಲಸ ಆರಂಭ. ದಿನಕ್ಕೆ 300ರಷ್ಟು ಮರಗಳ ತೊಗಟೆಯನ್ನು, ಒಳಗಿನ ಮರಕ್ಕೆ ಗಾಯವಾಗದಂತೆ, ಓರೆಯಾಗಿ ಸೀಳಬೇಕು. ಮತ್ತೆ ಅದೇ ದಾರಿಯಲ್ಲಿ ಬಂದು ಹಾಲು ಸಂಗ್ರಹಿಸಬೇಕು. ಆ ಹಾಲನ್ನು ಆಸಿಡ್ ಹಾಕಿ ಗಟ್ಟಿಗೊಳಿಸಿದರೆ, ಯಂತ್ರದಲ್ಲಿ ಒತ್ತಿ ಹೊಗೆಮನೆಯಲ್ಲಿ ಒಣಗಿಸಿದರೆ ಶೀಟ್ ಸಿದ್ಧ. ಮೊದಲು ತೋಟ, ಅದರ ಬೆನ್ನಿಗೆ ಮನೆಗಳ ಸಾಲು, ಮಕ್ಕಳಿಗೆ ಶಾಲೆ, ಬದಿಯಲ್ಲಿ ಅಂಗಡಿ, ಬಸ್ಸಿನ ನಿಲುಗಡೆ, ಪ್ರಾರ್ಥನೆಗೊಂದು ಜಾಗ. ಕೆಲಸದ ಸುತ್ತ ಜನವಸತಿ ಬೆಳೆಯುವುದು ಹೀಗೆಯೇ.

ಇದು ನಮ್ಮ ಸೀಮೆಯ ವಿಶೇಷವೇನೂ ಅಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಎಂಬ ಊರಿನ ಕಥೆಯನ್ನು ನೋಡಿರಿ. ಮೆರಿಮ್ಯಾಕ್ ನದಿಯ ನೀರಿನ ಬಲದಿಂದ ಬಟ್ಟೆ ಗಿರಣಿಗಳನ್ನು ನಡೆಸಲು ಕಂಪನಿಗಳು ಆ ಊರನ್ನು ಕಟ್ಟಿದವು. 1826ರಲ್ಲಿ ಅದಕ್ಕೆ ಪಟ್ಟಣದ ಮನ್ನಣೆ ಸಿಕ್ಕಿತು. ಹಳ್ಳಿಗಳಿಂದ ಗಿರಣಿ ಕೆಲಸಕ್ಕೆ ಬಂದ ಯುವತಿಯರಿಗಾಗಿ ಇಟ್ಟಿಗೆಯ ವಸತಿಗೃಹಗಳನ್ನು ಕಟ್ಟಿಸಿದರು. ಏಳುವುದಕ್ಕೂ ಉಣ್ಣುವುದಕ್ಕೂ ಮಲಗುವುದಕ್ಕೂ ಗಂಟೆ ಹೊಡೆಯುತ್ತಿತ್ತು. ಇವೆಲ್ಲವೂ ನಕ್ಷೆಯಲ್ಲಿ ಮೊದಲೇ ಬರೆದಿದ್ದವು. ನಕ್ಷೆಯಲ್ಲಿ ಇರದಿದ್ದವರು ಗಿರಣಿಗೆ ನೀರು ತರುವ ಕಾಲುವೆಯನ್ನು ತೋಡಿದ ಜನ. ಅವರು 1822ರಿಂದ ಅಲ್ಲಿಗೆ ಬಂದ ಐರ್ಲೆಂಡಿನ ಬಡ ಕಥೋಲಿಕರು. ಕಾಲುವೆ ಮುಗಿದ ಮೇಲೆ ಅವರು ಹೊರಟುಹೋಗುತ್ತಾರೆ ಎಂಬುದು ಯೋಜಕರ ಎಣಿಕೆಯಾಗಿದ್ದಿರಬೇಕು. ಅವರು ಹೋಗಲಿಲ್ಲ. ಪಟ್ಟಣದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಉಳಿದರು. 1831ರಲ್ಲಿ ಆ ಗುಡಿಸಲುಗಳ ನಡುವೆ ಸಂತ ಪ್ಯಾಟ್ರಿಕ್ಕರ ದೇವಾಲಯ ಎದ್ದು ನಿಂತಿತು. ಅದೇ ವರ್ಷ ಸ್ಥಳೀಯರಿಗೂ ಅವರಿಗೂ ಹೊಡೆದಾಟವಾಯಿತು. ಮುಂದೆ ಆ ಗಿರಣಿಗಳೆಲ್ಲ ಒಂದೊಂದಾಗಿ ಮುಚ್ಚಿದವು. ದೇವಾಲಯವಾದರೋ, ಅದೇ ಜಾಗದಲ್ಲಿ ಹೊಸ ಕಟ್ಟಡವಾಗಿ ಇಂದಿಗೂ ಇದೆ.

ಮಂಗಳೂರಿನ ಜೆಪ್ಪುವಿನಲ್ಲೂ ಇಂಥದೇ ಒಂದು ಪಾಠವಿದೆ. ಮತಾಂತರದಿಂದಾಗಿ ಕುಲಕಸುಬನ್ನು ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ಬಾಸೆಲ್ ಮಿಷನ್ ಉದ್ಯಮಗಳನ್ನು ತೆರೆಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದಲೇ "ಮಂಗಳೂರು ಹಂಚು" ಎಂಬ ಹೆಸರು ಲೋಕಕ್ಕೆಲ್ಲ ಪರಿಚಯವಾದದ್ದು. ಮೊದಲ ಮಹಾಯುದ್ಧ ಬಂದಾಗ ಆ ಉದ್ಯಮಗಳ ಒಡೆತನ ಬೇರೆಯವರ ಕೈಗೆ ಹೋಯಿತು. ಸುತ್ತ ನೆಲೆಯೂರಿದ ಕ್ರೈಸ್ತ ಸಮುದಾಯ ಮಾತ್ರ ಉಳಿಯಿತು. ಕಾರ್ಖಾನೆಯ ಆಯುಷ್ಯ ಬೇರೆ, ಊರಿನ ಆಯುಷ್ಯ ಬೇರೆ.

ಈಗ ನಮ್ಮ ಪ್ರಶ್ನೆಗೆ ಮರಳೋಣ. "ದುಡಿದವನಿಗೆ ಊರಿನ ಮೇಲೆ ಹಕ್ಕಿದೆ" ಎಂಬುದು ಥಟ್ಟನೆ ಹೊಳೆಯುವ ಉತ್ತರ. ಅದು ಒಳ್ಳೆಯ ಉತ್ತರವೂ ಹೌದು. ಪೋಪ್ ಹದಿಮೂರನೇ ಲಿಯೋ 1891ರಲ್ಲಿ, ಪೋಪ್ ಎರಡನೇ ಜಾನ್ ಪೌಲ್ 1981ರಲ್ಲಿ ಹೊರಡಿಸಿದ ವಿಶ್ವಪತ್ರಗಳು ದುಡಿಮೆಯ ಘನತೆಯನ್ನು ಎತ್ತಿಹಿಡಿದಿವೆ. ಬಂಡವಾಳಕ್ಕಿಂತ ದುಡಿಯುವ ಮನುಷ್ಯನೇ ಮೊದಲು ಎಂದು ಧರ್ಮಸಭೆ ಬೋಧಿಸುತ್ತದೆ. ಕಾಡುಗುಡ್ಡೆಯನ್ನು ತೋಟವನ್ನಾಗಿ ಮಾಡಿದವರಿಗೆ ಅದರ ಮೇಲೆ ಯಾವ ಬಾಧ್ಯತೆಯೂ ಇಲ್ಲವೆಂದು ಹೇಳಲು ಯಾರಿಗೆ ಮನಸ್ಸು ಬಂದೀತು?

ಆದರೂ ಈ ಉತ್ತರ ಸಾಲದು. ರಬ್ಬರ್ ಮರವನ್ನೇ ನೋಡಿ. ನೆಟ್ಟು ಏಳು ವರ್ಷಗಳಾದ ಮೇಲೆ ಅದು ಹಾಲು ಕೊಡಲು ತೊಡಗುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷ ಕೊಡುತ್ತದೆ. ಹಾಲು ಬತ್ತಿದಾಗ ಅದನ್ನು ಕಡಿದು, ಹೊಸ ಸಸಿ ನೆಡುತ್ತಾರೆ. ಮರಕ್ಕೆ ಇದು ತಕ್ಕುದೇ. ಆದರೆ ಊರಿನ ಹಕ್ಕು ದುಡಿಮೆಯೊಂದರಿಂದಲೇ ಬರುವುದಾದರೆ ಮನುಷ್ಯನ ಲೆಕ್ಕವೂ ಇದೇ ಆಗುತ್ತದೆ. ಬೆನ್ನು ಬಾಗಿದವರು, ಕಣ್ಣು ಮಂಜಾದವರು, ಇನ್ನೂ ದುಡಿಯದ ಮಕ್ಕಳು, ಎಂದಿಗೂ ದುಡಿಯಲಾಗದ ಅಂಗವಿಕಲರು ಯಾವ ಹಕ್ಕಿನಿಂದ ಉಳಿಯಬೇಕು? ಕೆಲಸದ ಜೊತೆಗೆ ಬಂದ ಮನೆ ಕೆಲಸದ ಜೊತೆಗೇ ಹೋಗುತ್ತದೆ. ಅದನ್ನು ನಾವು ಕ್ವಾರ್ಟರ್ಸ್ ಎನ್ನುತ್ತೇವೆ, ಮನೆ ಎನ್ನುವುದಿಲ್ಲ. ಸಿಲೋನಿನಲ್ಲಿ ಆದದ್ದೂ ಅದೇ ಅಲ್ಲವೇ? ನೂರು ವರ್ಷಗಳ ದುಡಿಮೆಯೂ ಅವರನ್ನು ಆ ನೆಲದವರನ್ನಾಗಿ ಮಾಡಲಿಲ್ಲ.

ಇಲ್ಲಿ ಇನ್ನೊಂದು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಹಳೆಯ ಕಾರ್ಮಿಕರೆಲ್ಲ ಮನೆಗಳಲ್ಲೇ ಉಳಿದರೆ ಹೊಸ ಕಾರ್ಮಿಕರು ಎಲ್ಲಿರಬೇಕು? ಅರಣ್ಯಭೂಮಿಯನ್ನು ಮನಬಂದಂತೆ ಹಂಚಲು ಬರುವುದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಈ ಊರಿನಲ್ಲೇ ತಲತಲಾಂತರದಿಂದ ಇದ್ದೂ ಐದು ಸೆಂಟ್ಸ್ ಜಾಗವಿಲ್ಲದವರಿದ್ದಾರೆ. ಅವರ ಸರದಿ ಯಾವಾಗ? ಈ ಪ್ರಶ್ನೆಗಳು ನಿಜವಾದವು. ಇವುಗಳನ್ನು ಕೇಳುವವರೆಲ್ಲ ಕಲ್ಲೆದೆಯವರೆಂದು ತಿಳಿಯಬಾರದು. ಆದರೆ ಗಮನಿಸಿರಿ: "ಹೇಗೆ ಕೊಡುವುದು" ಎಂಬ ಕಷ್ಟ ಒಂದು; "ಕೊಡಬೇಕಾದದ್ದು ಏನೂ ಇಲ್ಲ" ಎಂಬ ತೀರ್ಮಾನ ಇನ್ನೊಂದು. ಮೊದಲನೆಯದು ಆಡಳಿತದ ಸಮಸ್ಯೆ. ಎರಡನೆಯದು ಮನಸ್ಸಾಕ್ಷಿಯ ಸೋಲು. ಮೊದಲನೆಯದನ್ನು ಮುಂದೊಡ್ಡಿ ಎರಡನೆಯದರಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳುವುದು ನಮಗೆಲ್ಲ ಸುಲಭ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನೀವು ಅನೇಕ ಬಾರಿ ಕೇಳಿದ್ದೀರಿ. ಸಂಜೆ ಐದು ಗಂಟೆಗೆ ಬಂದವನಿಗೂ ಬೆಳಿಗ್ಗೆ ಬಂದವನಿಗೂ ಯಜಮಾನನು ಒಂದೇ ಕೂಲಿ ಕೊಟ್ಟ. ಬೆಳಗಿನವರು ಗೊಣಗಿದರು. ಅವರ ಗೊಣಗು ನಮಗೆ ನ್ಯಾಯವಾಗಿಯೇ ಕಾಣುತ್ತದೆ, ಏಕೆಂದರೆ ನಾವೆಲ್ಲ ನಮ್ಮನ್ನು ಬೆಳಿಗ್ಗೆ ಬಂದವರೆಂದೇ ಎಣಿಸುತ್ತೇವೆ. ಯಜಮಾನನು ನೋಡಿದ್ದು ದುಡಿದ ಗಂಟೆಗಳನ್ನಲ್ಲ. ಅಂದಿನ ಕೂಲಿಯಿಲ್ಲದೆ ಮನೆಗೆ ಹೋಗಬೇಕಾಗಿದ್ದ ಮನುಷ್ಯನನ್ನು. ದುಡಿಮೆಗೆ ಬೆಲೆಯಿದೆ, ಏಕೆಂದರೆ ದುಡಿಯುವವನು ಮನುಷ್ಯ. ದುಡಿಯುತ್ತಾನೆ ಎಂಬ ಕಾರಣಕ್ಕೆ ಅವನಿಗೆ ಬೆಲೆ ಬಂದದ್ದಲ್ಲ. ಈ ಕ್ರಮವನ್ನು ತಿರುವುಮುರುವು ಮಾಡಿದಾಗಲೇ ಮನುಷ್ಯ ರಬ್ಬರ್ ಮರವಾಗುವುದು.

ಯಾಜಕಕಾಂಡದಲ್ಲಿ ದೇವರು ಇಸ್ರಯೇಲರಿಗೆ ನೆಲದ ವಿಚಾರವಾಗಿ ಹೇಳುವುದೂ ಇದನ್ನೇ. ಭೂಮಿ ತನ್ನದು, ಅವರೆಲ್ಲ ತನ್ನ ಬಳಿ ಇಳಿದುಕೊಂಡಿರುವ ಪರದೇಶಿಗಳು ಎನ್ನುತ್ತಾನೆ. ತಮ್ಮ ನಡುವೆ ಬಂದು ನೆಲೆಸಿದವನನ್ನು ಸ್ವದೇಶದವನಂತೆಯೇ ಕಾಣಬೇಕೆಂದೂ, ತಾವು ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದುದನ್ನು ಮರೆಯಬಾರದೆಂದೂ ಆಜ್ಞಾಪಿಸುತ್ತಾನೆ. ನಮಗೆ ಈ ನೆನಪು ದೂರದ್ದೇನೂ ಅಲ್ಲ. ಕರಾವಳಿಯ ಕೊಂಕಣಿ ಕಥೋಲಿಕರ ಪೂರ್ವಜರು ಗೋವೆಯಿಂದ ಬಂದವರು. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ನಂತರ ಅಳಿದುಳಿದವರು ಮರಳಿ ಬಂದು ಮತ್ತೆ ಬದುಕು ಕಟ್ಟಿದರು. ಸುಳ್ಯ, ಕಡಬ, ಬೆಳ್ತಂಗಡಿಗಳ ಗುಡ್ಡೆಗಳಲ್ಲಿ ರಬ್ಬರ್ ನೆಟ್ಟ ಅನೇಕ ಕುಟುಂಬಗಳು ಕಳೆದ ಶತಮಾನದಲ್ಲಿ ಕೇರಳದಿಂದ ಬಂದವು. ಆ ವಿಶ್ವಾಸಿಗಳಿಗಾಗಿಯೇ 1999ರಲ್ಲಿ ಬೆಳ್ತಂಗಡಿಯಲ್ಲಿ, 2010ರಲ್ಲಿ ಪುತ್ತೂರಿನಲ್ಲಿ ಧರ್ಮಪ್ರಾಂತ್ಯಗಳು ರಚನೆಯಾದವು. ಬೇಗ ಬಂದವರು, ತಡವಾಗಿ ಬಂದವರು ಎಂಬುದಷ್ಟೇ ನಮ್ಮೊಳಗಿನ ವ್ಯತ್ಯಾಸ.

ಹಾಗಾದರೆ ಕಾಲನಿಯೊಂದು ಊರಾಗುವುದು ಯಾವಾಗ? ನನಗೆ ತೋಚುವುದಿಷ್ಟು: ಕೆಲಸ ಮುಗಿದ ಮೇಲೂ ಇರಬಹುದಾದ ಜಾಗವೇ ಊರು. ಅಲ್ಲಿ ಮುದುಕರಿಗೆ ಜಗಲಿಯಿರುತ್ತದೆ, ಸತ್ತವರಿಗೆ ಸ್ಮಶಾನವಿರುತ್ತದೆ, ಹುಟ್ಟಿದ ಮಗುವನ್ನು ಯಾರೂ ಕಾಗದಪತ್ರ ಕೇಳುವುದಿಲ್ಲ. ಇದನ್ನು ನಿಗಮವೊಂದೇ ಕೊಡಲಾರದು, ಸರ್ಕಾರವೊಂದೇ ಕೊಡಲಾರದು. ನಿವೇಶನದ ಪತ್ರವನ್ನು ಅವರು ಕೊಡಬೇಕು. ಅದನ್ನು ಕೇಳುವವರ ಜೊತೆಗೆ ನಾವು ನಿಲ್ಲಬೇಕು. ಆದರೆ ಪತ್ರ ಕೈಗೆ ಬಂದ ಮೇಲೂ ನೆರೆಹೊರೆ ಬಾಗಿಲು ತೆರೆಯದಿದ್ದರೆ ಅದು ಬರಿಯ ನಿವೇಶನವಷ್ಟೇ.

ಮೋವಾಬಿನಿಂದ ಬಂದ ರೂತಳನ್ನು ನೆನೆಯಿರಿ. ಬೆತ್ಲೆಹೇಮಿನವರು ಅವಳನ್ನು ಹೊಲದಲ್ಲಿ ತೆನೆ ಆಯಲು ಬಿಟ್ಟರು. ಆದರೆ ಬಹಳ ದಿನಗಳವರೆಗೆ ಅವಳು ಎಲ್ಲರ ಬಾಯಲ್ಲಿ "ಮೋವಾಬಿನವಳು" ಆಗಿಯೇ ಇದ್ದಳು. ಬೋವಜನು ಅವಳನ್ನು ತನ್ನ ಆಳುಗಳೊಂದಿಗೆ ಊಟಕ್ಕೆ ಕೂರಿಸಿಕೊಂಡ. ಅವಳ ವಂಶದಲ್ಲಿ ದಾವೀದನೂ, ಕಾಲಾನಂತರದಲ್ಲಿ ಪ್ರಭು ಯೇಸುವೂ ಹುಟ್ಟಿದರು.

ಆದ್ದರಿಂದ, ಪ್ರಿಯ ಕುಟುಂಬಗಳೇ, ಬರುವ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಅಂಗಳವನ್ನು ಒಮ್ಮೆ ನೋಡಿರಿ. ಯಾರು ಯಾರೊಂದಿಗೆ ನಿಂತು ಮಾತನಾಡುತ್ತಾರೆ? ಯಾರು ನೇರವಾಗಿ ಗೇಟಿನತ್ತ ನಡೆದುಬಿಡುತ್ತಾರೆ? ನಿಮ್ಮ ವಾಳೆಯ ಗುರಿಕಾರರು ಕಾಲನಿಯ ಮನೆಗಳಿಗೆ ಹೋಗಿ ಎಷ್ಟು ಕಾಲವಾಯಿತು? ಪಾಲನಾ ಸಮಿತಿಯಲ್ಲಿ ಅಲ್ಲಿಯವರು ಇದ್ದಾರೆಯೇ? ತೋಟದ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರ ಹೆಸರನ್ನಾದರೂ ನಿಮ್ಮ ಮಕ್ಕಳು ಬಲ್ಲರೇ? ಅವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ಆ ಕಾಲನಿಗಳಲ್ಲಿ ಹಿಂದೂಗಳೇ ಹೆಚ್ಚು. ನೆರೆಯವನು ಯಾರು ಎಂಬ ಪ್ರಶ್ನೆಗೆ ಪ್ರಭು ಕೊಟ್ಟ ಉತ್ತರದಲ್ಲಿ ಮತದ ವಿಚಾರಣೆ ಇರಲಿಲ್ಲ.

ಮುಂದಿನ ಬಾರಿ ಅಂಥವರೊಬ್ಬರನ್ನು "ನಿಮ್ಮದು ಯಾವ ಊರು?" ಎಂದು ಕೇಳುವ ಮೊದಲು ಸ್ವಲ್ಪ ತಾಳಿರಿ. ಅವರ ಅಜ್ಜನಿಗೆ ಎರಡು ದೇಶಗಳು ಈ ಪ್ರಶ್ನೆಯನ್ನು ಕೇಳಿವೆ, ಎರಡೂ ಬೇರೆ ದಿಕ್ಕಿಗೆ ಕೈ ತೋರಿಸಿವೆ. ಅವರ ಮೊಮ್ಮಗ "ನನ್ನದು ಇದೇ ಊರು" ಎಂದು ಹಿಂಜರಿಕೆಯಿಲ್ಲದೆ ಹೇಳುವಂತಾಗುವುದು, ಕೇಳುವ ನಮ್ಮ ಮುಖ ಹೇಗಿದೆ ಎಂಬುದನ್ನೂ ಅವಲಂಬಿಸಿದೆ.