ಬೀಜವೇ ಅಸಲು



ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದರು. ಅದರ ನೀರು ಮನುಷ್ಯರಿಗಷ್ಟೇ ಅಲ್ಲ, ದನಕರು, ಹಕ್ಕಿಪಕ್ಷಿಗಳಿಗೂ ಸಂದಿತು. ದಾಸೋಹದ ಪಂಕ್ತಿ ಅಷ್ಟು ಉದ್ದವಾದುದು.

ಇದೇ ಮಾತನ್ನು ಇಂದು ಸರಕಾರ ಕಾಯ್ದೆಯ ಭಾಷೆಯಲ್ಲಿ ಹೇಳುತ್ತಿದೆ. 1992ರಲ್ಲಿ ರಿಯೊದಲ್ಲಿ ಜೀವವೈವಿಧ್ಯ ಒಪ್ಪಂದವಾಯಿತು. 2002ರಲ್ಲಿ ನಮ್ಮ ದೇಶದ ಕಾಯ್ದೆ ಬಂದಿತು. 2008ರ ರಾಷ್ಟ್ರೀಯ ಕ್ರಿಯಾಯೋಜನೆಯನ್ನು 2024ರಲ್ಲಿ 23 ಗುರಿಗಳೊಂದಿಗೆ ಹೊಸದಾಗಿ ಹೊರತರಲಾಯಿತು. ದಿಲ್ಲಿಯ ಕಾಗದ ನಮಗೇಕೆ ಎನ್ನಬೇಡಿ.

ಲೆಕ್ಕದ ಮಾತಿನಲ್ಲಿಯೇ ಹೇಳುವೆ. ಮಣ್ಣು, ನೀರು, ಬೀಜ, ಜೇನುನೊಣ ಇವು ಅಸಲು, ಬೆಳೆ ಬಡ್ಡಿ. ಬಡ್ಡಿ ಉಣ್ಣುವವನ ಮನೆ ನಿಲ್ಲುತ್ತದೆ. ಅಸಲನ್ನೇ ಉಂಡವನ ಅಂಗಡಿಗೆ ಒಂದು ದಿನ ಬೀಗ ಬೀಳುತ್ತದೆ.

ನಮ್ಮ ಮಾಲದಂಡಿ ಜೋಳವನ್ನೇ ನೋಡಿ. ಅದರಿಂದ ಆರಿಸಿದ ಎಂ 35-1 ತಳಿ ದಶಕಗಳಿಂದ ಹಿಂಗಾರಿ ಹೊಲಗಳಲ್ಲಿ ನಿಂತಿದೆ. ಆರಿಸಿದವರು ವಿಜ್ಞಾನಿಗಳು, ಆರಿಸಲು ತಳಿ ಉಳಿಸಿಕೊಟ್ಟವರು ರೈತರು. ಬಸವಣ್ಣನವರು ಕರಣಿಕ ಕಾಯಕ ಮಾಡಿದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಇನ್ನು ನನ್ನ ಮನೆಯ ತಪ್ಪು. ನಮ್ಮ ಅವ್ವ ಒಳ್ಳೆಯ ತೆನೆ ಆರಿಸಿ, ಕಾಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದಳು. ಒಂದೊಂದು ಗಡಿಗೆಗೂ ಒಂದೊಂದು ಹೆಸರು. ಆಕೆ ಲಿಂಗೈಕ್ಯಳಾದ ಮೇಲೆ ಗಡಿಗೆಗಳು ಬರಿದಾದವು. ಬಿ.ಕಾಂ. ಓದಿ ಊರವರ ಲೆಕ್ಕವೆಲ್ಲ ಬರೆದ ನಾನು ಆ ಹೆಸರುಗಳನ್ನು ಬರೆದಿಡಲಿಲ್ಲ. ಇಂದು ನೆನಪಿರುವವು ಎರಡೇ.

ಆದುದರಿಂದ ಕೇಳಿಕೊಳ್ಳುವೆ. ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ಸಮಿತಿ ಇರಬೇಕು. ಅದು ಊರವರನ್ನು ಕೇಳಿಯೇ ಊರಿನ ಬೆಳೆ, ಗಿಡಮೂಲಿಕೆ, ದನದ ತಳಿಗಳ ದಾಖಲೆ ಬರೆಯಬೇಕು. ಕೇಳಲು ಯಾರೂ ಬಾರದಿದ್ದರೆ ನಾವೇ ಹೋಗಿ ಬರೆಸೋಣ. ದಾಖಲೆ ಮರಾಠಿಯಲ್ಲಿರಲಿ, ಚಿಂತೆಯಿಲ್ಲ. ನಮ್ಮ ಹಿರಿಯರು ಕರೆದ ಕನ್ನಡ ಹೆಸರೂ ಪಕ್ಕದಲ್ಲಿರಲಿ. ಹೆಸರು ಹೋದರೆ ಗುಣ ತಿಳಿದವರೂ ಹೋಗುತ್ತಾರೆ. ವ್ಯಾಪಾರಿ ಬಂಧುಗಳು ನಾಟಿ ಕಾಳಿಗೆ ಅಂಗಡಿಯಲ್ಲಿ ಒಂದು ಚೀಲದ ಜಾಗ ಕೊಡಲಿ. ಕೊಳ್ಳುವವರಿದ್ದರೆ ಬಿತ್ತುವವರಿರುತ್ತಾರೆ.

ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಭೂತಾಯಿಗೆ ಉಣಿಸುತ್ತೇವೆ. ಈ ಸಲ ಚರಗ ಚೆಲ್ಲಿ ಬರುವಾಗ ಮನೆಯ ಹಿರಿಯರನ್ನು ಕೇಳಿ ಹಳೆಯ ಬೀಜಗಳ ಹೆಸರು ಬರೆದುಕೊಳ್ಳಿರಿ. ಒಂದು ಹಿಡಿ ಬೀಜ ಉಳಿದಿದ್ದರೆ ಮಠಕ್ಕೆ ತನ್ನಿರಿ. ನೆರೆಯವರಿಗೂ ಹಂಚೋಣ. ಅದೂ ದಾಸೋಹವೇ.



— ಕಾರ್ಯದರ್ಶಿ, ಶ್ರೀಮಠ